ಹಟ್ಟಿಯಂಗಡಿ ದಾರಿಯಲ್ಲಿ ನಾನು ಹಾರ್ನ್ ಆದದ್ದು

ಗಂಟಲು ಕಟ್ಟಿ ಮಾತು ಹೊರಡುತ್ತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಕುಂದಾಪುರದಿಂದ ಹಟ್ಟಿಯಂಗಡಿಗೆ ಹೊರಟ ನಮ್ಮ ಬಾಡಿಗೆ ಕಾರಿನ ಹಾರ್ನ್ ಎರಡು ಮೈಲಿ ದಾಟುವಷ್ಟರಲ್ಲೇ ಕೆಟ್ಟಿತು.

"ತಿರ್ಗಾಸ್ ಬಂದಲ್ಲೆಲ್ಲ ನೀವೇ ಒಂದ್ ಕೂಗ್ ಹಾಕಿ ಮಾಷ್ಟ್ರೇ," ಎಂದ ಡ್ರೈವರ್ ಶೀನ.

ಮೈಸೂರಿನ ಮೇಷ್ಟ್ರಾದ ನನಗೆ ಬೀದಿಯಲ್ಲಿ ಕೂಗಿ ಅಭ್ಯಾಸವಿಲ್ಲ. ಮೊದಲ ತಿರುವಿನಲ್ಲಿ ತಲೆ ಹೊರಹಾಕಿ, "ಸ್ವಾಮೀ, ದಯವಿಟ್ಟು ದಾರಿ ಬಿಡಿ!" ಎಂದೆ. ಮಾತು ಮುಗಿಯುವ ಮೊದಲೇ ಎದುರಿನಿಂದ ಮೋಟಾರ್ ಸೈಕಲ್ಲೊಂದು ನುಗ್ಗಿ ಬಂತು. ಶೀನ ಬ್ರೇಕ್ ತುಳಿದ. ಸವಾರ ಹ್ಯಾಂಡಲ್ ಹೊರಳಿಸಿ, ಹಿಂದೆ ಕುಳಿತಿದ್ದ ಹೆಂಡತಿಯ ಸಮೇತ ಕೆಸರುಗದ್ದೆಗೆ ಇಳಿದುಬಿಟ್ಟ.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

"ಸ್ವಾಮೀ ಅಂದದ್ ಕೇಂಡಿತ್. ಎಲ್ಲೋ ಭಜನಿ ಆತಾ ಇತ್ತ್ ಅಂದ್ಕಂಡ್ರ್ ನಮ್ಮವ್ರ್," ಎಂದಳು ಆಕೆ, ಸೆರಗು ಹಿಂಡುತ್ತ. "ಹ್ವಾಯ್ ಅಂದೇಳಿ ಕೂಗ್ಕ್ ಮರಾಯ್ರೇ!"

ಮುಂದಿನ ತಿರುವಿನಲ್ಲಿ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ "ಹ್ವಾಯ್!" ಎಂದು ಕಿರುಚಿದೆ. ಆಚೆಯಿಂದ ಬರುತ್ತಿದ್ದ ಮೋಟಾರ್ ಸೈಕಲ್ಲಿನ ಸದ್ದು ತಟ್ಟನೆ ನಿಂತಿತು. ನಾವು ನಿಧಾನವಾಗಿ ತಿರುಗಿದರೆ, ಮುಂಡಾಸಿನ ಮುದುಕರೊಬ್ಬರು ರಸ್ತೆಯ ನಟ್ಟನಡುವೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಎಂತಕ್ಕ್ ಕರದ್ದ್?"

ಕರೆದ ಮೇಲೆ ಕಾರಣ ಬೇಕಲ್ಲ. "ಹಟ್ಟಿಯಂಗಡಿಗೆ ದಾರಿ..." ಎಂದು ತೊದಲಿದೆ.

ಅವರು ಇಳಿದು ಬಂದು, ಡ್ರೈವರನ ಕಿಟಕಿಗೆ ಮೊಣಕೈಯೂರಿ, ಮುಂದಿನ ಒಂದೊಂದು ತಿರುವನ್ನೂ ಬಿಡಿಸಿ ಹೇಳಿದರು. ಹಟ್ಟಿಯಂಗಡಿಯಲ್ಲೇ ಹುಟ್ಟಿ ಬೆಳೆದ ಶೀನ "ಹೌದಾ? ಅಕ್ಕ್, ಅಕ್ಕ್" ಎನ್ನುತ್ತ ವಿಧೇಯನಾಗಿ ತಲೆಯಾಡಿಸಿದ.