ಹುಲುಗಪ್ಪಣ್ಣ ಮತ್ತು ಕ್ಲೋಸ್ ಮಾಡದ ಡಿಸ್ಕ್

ಡಿಸ್ಕ್ ರೈಟ್ ಆಗುತ್ತಿರುವಾಗ ಹುಲುಗಪ್ಪಣ್ಣನ ಅಂಗಡಿಯಲ್ಲಿ ಯಾರೂ ಕಾಲು ಅಲ್ಲಾಡಿಸುವಂತಿರಲಿಲ್ಲ. ಹೊಸಪೇಟೆಯ ಆ ರಸ್ತೆಯಲ್ಲಿ ಅದಿರು ಲಾರಿ ಹಾದರೆ ಸಾಕು, ಕಂಪ್ಯೂಟರಿನ ಮೇಲೆ ಅಂಗೈ ಒತ್ತಿ, ಅದು ದಾಟುವವರೆಗೂ ಉಸಿರು ಬಿಗಿಹಿಡಿಯುತ್ತಿದ್ದ. "ಸುಮ್ನಿರ್ರಿ, ಒಳಗ ಮದುವಿ ನಡದೈತಿ" ಎಂದು ಗಿರಾಕಿಗಳನ್ನೇ ಗದರುತ್ತಿದ್ದ.

ನಾನು ಅವನ ಬಳಿ ನಾಲ್ಕು ವರ್ಷ ಕೆಲಸ ಮಾಡಿದೆ. ಮದುವೆಯ ವಿಡಿಯೋ ಜೋಡಿಸುವುದು, ಡಿಸ್ಕಿಗೆ ಇಳಿಸುವುದು ಎಲ್ಲವನ್ನೂ ಕಲಿಸಿದವನು ಅವನೇ. ಅದನ್ನು ಒಪ್ಪಿಕೊಳ್ಳಲು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವನ ಹತ್ತಿರ ರೈಟ್ ಮಾಡುವ ಮೂರು ಸಾಫ್ಟ್‌ವೇರ್ ಇದ್ದವು. ಒಂದು ಪರದೆಯ ತುಂಬ ಗುಲಾಬಿ ಅರಳಿಸಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಇನ್ನೊಂದು ಪುಕ್ಕಟೆಯದು, ಕೊಂಡುಕೊಳ್ಳುವ ತನಕ ಚಿತ್ರದ ನಡುವೆ ತನ್ನ ಹೆಸರು ಅಚ್ಚೊತ್ತುತ್ತಿತ್ತು. ಮೂರನೆಯದರಲ್ಲಿ ಒಂದು ಪಟ್ಟಿ, ಒಂದು ಬಟನ್, ಅಷ್ಟೇ. ಅದಕ್ಕೆ ಅವನಿಟ್ಟ ಹೆಸರು ಬೋಳಪ್ಪ.

"ತಂಗಿ, ಬೋಳಪ್ಪನ್ನ ನಂಬು. ನಾಕರ ಸ್ಪೀಡಿಗೆ ಇಟ್ಟು ಸುಮ್ನ ಕುಂದ್ರು. ಜಲ್ದಿ ಜಲ್ದಿ ಅಂದ್ರ ತಾಳಿ ಕಟ್ಟೋ ಹೊತ್ತಿಗೇ ಸಿಕ್ಕೊಂತೈತಿ."

ಬೋಳಪ್ಪನಲ್ಲಿ ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು: ಡಿಸ್ಕ್ ಕ್ಲೋಸ್ ಮಾಡಬೇಕೇ? ಮಾಡಿದರೆ ಎಲ್ಲರ ಮನೆಯ ಪ್ಲೇಯರಿನಲ್ಲೂ ಓಡುತ್ತದೆ. ಬಿಟ್ಟರೆ ರೈಟ್ ಮಾಡುವ ಅಂಗಡಿಗಳ ಕಂಪ್ಯೂಟರಿನಲ್ಲಿ ಓಡುತ್ತದೆ, ಮನೆಯಲ್ಲಿ ಓಡುವುದಿಲ್ಲ. ಹುಲುಗಪ್ಪಣ್ಣ ತನ್ನ ಸೇಡನ್ನೆಲ್ಲ ಇಟ್ಟುಕೊಂಡಿದ್ದು ಆ ಪ್ರಶ್ನೆಯಲ್ಲಿ.

ಸಂಡೂರಿನ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ "ವಿಡಿಯೋದವ್ರು ಆಮ್ಯಾಲ ಉಣ್ಲಿ" ಎಂದು ಅವನನ್ನು ಪಂಕ್ತಿಯಿಂದ ಎಬ್ಬಿಸಿದ್ದ. ಅಣ್ಣ ಎದ್ದು ಬಂದು, ಆ ಮದುವೆಯ ಡಿಸ್ಕನ್ನು ಕ್ಲೋಸ್ ಮಾಡದೆ ಕೊಟ್ಟ. ವಾರದ ನಂತರ ಅದೇ ಮಾವ ಡಿಸ್ಕ್ ಹಿಡಿದು ಓಡಿಬಂದ. "ನಮ್ಮಲ್ಲಿ ಓಡ್ತೈತಲ್ರೀ, ಬರ್ರಿ, ಕುಂದ್ರಿ" ಎಂದು ಸ್ಟೂಲಿನ ಮೇಲೆ ಕೂರಿಸಿದ ಅಣ್ಣ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, "ನಂದು ಊಟದ ಹೊತ್ತಾತು. ನೀವು ಆಮ್ಯಾಲ ಬರ್ರಿ" ಎಂದ. ಹೀಗೆ ಮೂರು ಸಲ ಓಡಾಡಿಸಿದ. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಆಮೇಲೆ ನಾನು ಕಂಪ್ಲಿಯಲ್ಲಿ ನನ್ನದೇ ಅಂಗಡಿ ತೆರೆದೆ. ಮೊದಲ ಕೆಲಸ ಎಮ್ಮಿಗನೂರಿನ ಮದುವೆ. ಅವಸರದಲ್ಲಿ ಪುಕ್ಕಟೆಯದನ್ನೇ ಬಳಸಿದೆ. ಧಾರೆಯ ಹೊತ್ತಿಗೆ ಮದುಮಗಳ ಮುಖದ ಮೇಲೆಲ್ಲ ಆ ಸಾಫ್ಟ್‌ವೇರಿನ ಹೆಸರು! ಮದುವೆ ಮನೆಯವರು ನನ್ನ ಕ್ಯಾಮೆರಾದ ಕ್ಯಾಸೆಟ್ಟನ್ನೂ ಇಸಿದುಕೊಂಡು ರಿಪೇರಿಗೆಂದು ಹುಲುಗಪ್ಪಣ್ಣನ ಬಳಿಗೇ ಹೋದರು. ಅವನು ಬೇರೆ ಡಿಸ್ಕ್ ಮಾಡಿಕೊಟ್ಟು, ನನ್ನದನ್ನು ದಾರ ಕಟ್ಟಿ ಅಂಗಡಿ ಬಾಗಿಲಿಗೆ ನೇತುಹಾಕಿದ. ಬಂದವರಿಗೆಲ್ಲ "ಇದು ಕಂಪ್ಲಿ ಮಾಲು ನೋಡ್ರಿ" ಎಂದು ತೋರಿಸುತ್ತಿದ್ದ. ಎರಡು ವರ್ಷ ಕಂಪ್ಲಿಯ ಮದುವೆಗಳೂ ಅವನ ಪಾಲಾದವು. ಹೊಸಪೇಟೆಗೆ ಹೋದಾಗಲೆಲ್ಲ ಆ ಡಿಸ್ಕ್ ಬಿಸಿಲಿಗೆ ಮಿಂಚುವುದು ಕಾಣುತ್ತಿತ್ತು. ಇವನನ್ನು ಬಿಡಬಾರದು ಎಂದು ಅಲ್ಲೇ ನಿಂತು ಹಲ್ಲು ಕಡಿದಿದ್ದೆ.

ಅವನ ಮಗಳು ನಿರ್ಮಲಾಳನ್ನು ಕಂಪ್ಲಿಗೆ ಕೊಟ್ಟರು. ಮದುವೆಯೂ ಇಲ್ಲೇ. ಗಂಡಿನ ಕಡೆಯವರು ವಿಡಿಯೋಕ್ಕೆ ನನ್ನನ್ನು ಕರೆದರು. ತಮ್ಮ ಮನೆಗೆ ಅವರಿಗೆ ಫೋಟೋ ಆಲ್ಬಮ್ಮೇ ಸಾಕಿತ್ತು, ಡಿಸ್ಕ್ ಬೇಡವಾಗಿತ್ತು. ಹುಲುಗಪ್ಪಣ್ಣನ ಹೆಂಡತಿ ಸೊಂಟ ಮುರಿದು ಪಾಪಿನಾಯಕನಹಳ್ಳಿಯ ಮನೆಯಲ್ಲಿ ಮಲಗಿದ್ದಳು. ಬರಲಾಗದ ಬೀಗತಿ ನೋಡಲಿ ಎಂದು ಒಂದೇ ಒಂದು ಡಿಸ್ಕ್ ಹೇಳಿದ್ದರು. ನಾನು ಬೋಳಪ್ಪನಲ್ಲೇ ರೈಟ್ ಮಾಡಿದೆ, ನಾಕರ ಸ್ಪೀಡಿಗೇ ಇಟ್ಟೆ. ಕ್ಲೋಸ್ ಮಾಡಲಿಲ್ಲ. ಯಾರಿಗಾಗಿ ಎಂದು ಗೊತ್ತಿದ್ದೂ ಮಾಡಲಿಲ್ಲ. ಅವನ ಅಂಗಡಿಯಲ್ಲಿ ಒಂದು ನಿಮಿಷದ ಕೆಲಸ ಅದು. ಮಾಡಿಕೊಳ್ಳಲಿ, ಮಾಡುವಾಗ ಕಂಪ್ಲಿ ಮಾಲನ್ನು ನೆನೆಯಲಿ ಎಂಬುದಷ್ಟೇ ನನ್ನ ಆಸೆ.

ಅವನಿಂದ ಒಂದು ಮಾತೂ ಬರಲಿಲ್ಲ. ಮೂರು ವರ್ಷದ ಮೇಲೆ ಅವನು ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ.

ತಿಂಗಳ ನಂತರ ನಿರ್ಮಲಾ ಅದೇ ಡಿಸ್ಕ್ ಹಿಡಿದು ಬಂದಳು.

"ಅಪ್ಪ ಇದನ್ನ ಕ್ಲೋಸ್ ಮಾಡ್ಲೇ ಇಲ್ಲಕ್ಕ."

"ಯಾಕವಾ? ಅವರ ಮಶೀನ್‌ನಾಗ ಆಗ್ತಿತ್ತಲ್ಲ?"

"ನಾನೂ ಕೇಳಿದ್ನಿ. 'ಆಕಿ ತೆರದಿಟ್ಟಾಳ, ಆಕೀನ ಮುಚ್ಚಲಿ, ನಾ ಕೈ ಹಚ್ಚಂಗಿಲ್ಲ' ಅಂದ. ದಿನಾ ಅಂಗಡ್ಯಾಗ ಒಬ್ಬನ ಕುಂತು ನೋಡ್ತಿದ್ದ."

"ಹಂಗಾರ ನಿಮ್ಮವ್ವ?"

"ಇನ್ನೂ ನೋಡಿಲ್ಲ. ಈಗ ಆಕಿಗೆ ನನ್ನ ಮದುವಿ ಬ್ಯಾಡಂತ, ಅಪ್ಪನ್ನ ನೋಡಬೇಕಂತ. ಊರ ಮಂದಿನೆಲ್ಲ ಕ್ಯಾಮೆರಾದಾಗ ಹಿಡದ, ಅಂವ ಇರೋದು ಇದೊಂದರಾಗ."

ಡಿಸ್ಕ್ ಹಾಕಿದೆ. ಹೊಸ ಪಂಚೆಯುಟ್ಟು ಅಳಿಯನ ಪಾದ ತೊಳೆಯುತ್ತಿದ್ದ ಹುಲುಗಪ್ಪಣ್ಣ, ಪುರೋಹಿತರತ್ತ ನೋಡದೆ ಕ್ಯಾಮೆರಾ ಹಿಡಿದ ನನ್ನತ್ತ ನೋಡಿ, ಲೈಟು ಹಿಂದಿನಿಂದ ಬರುತ್ತಿದೆ, ಪಕ್ಕಕ್ಕೆ ಸರಿ ಎಂದು ಒದ್ದೆ ಕೈಯಲ್ಲೇ ಸನ್ನೆ ಮಾಡುತ್ತಿದ್ದ. ಮುಂಡೇಗಂಡ ಎಂದು ಬೈದೆ. ನಿರ್ಮಲಾ ಅಳುತ್ತಲೇ ನಕ್ಕಳು.

ಕ್ಲೋಸ್ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಅದಕ್ಕಾಗಿ ಪಾಪಿನಾಯಕನಹಳ್ಳಿಯ ಆ ಹೆಂಗಸು ಮೂರು ವರ್ಷ ಕಾದಿದ್ದಳು. ನಾನು ಕೊಟ್ಟ ಏಟು ಬಿದ್ದದ್ದು ಅವಳಿಗೆ. ಅವನ ಹಟ ಮಾತ್ರ ಅವನಂದುಕೊಂಡಂತೆಯೇ, ನನ್ನ ಕೈಯಿಂದಲೇ ನಡೆಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗಿ ಜಗಳ ತೆಗೆಯೋಣವೆಂದರೆ ಅವನಿಲ್ಲ.