ಹತ್ತೇ ಪ್ರತಿ

ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಅವನನ್ನು ಡ್ರೈವರುಗಳು ‘ಹತ್ತೇ ಸಾಹೇಬ್ರು’ ಎಂದು ಕರೆಯುತ್ತಿದ್ದರು. ಕಾರಣ ಇತ್ತು. ವಾರದ ರಜೆ ಬಂದರೆ ಸಾಕು, ಈ ಪುಣ್ಯಾತ್ಮ ಹಳೇ ರೀಲ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ದಿನವಿಡೀ ಅಲೆದು ನಾಲ್ಕೇ ಫೋಟೋ ತೆಗೆಯುವುದು, ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತಾನೇ ತೊಳೆಯುವುದು, ಗ್ರಂಥಾಲಯದ ಮುಂದಿನ ಫುಟ್‌ಪಾತಿನಲ್ಲಿ ಕೂತು ಮಾರುವುದು. ಒಂದು ಚಿತ್ರಕ್ಕೆ ಹತ್ತೇ ಪ್ರತಿ. ಹತ್ತು ಆಯಿತೋ, ನೆಗೆಟಿವನ್ನು ಕತ್ತರಿಯಿಂದ ತುಂಡು ಮಾಡಿ ಬಿಸಾಡುತ್ತಿದ್ದ. ಹನ್ನೊಂದನೆಯದು ಕೇಳಿದವರಿಗೆ “ಇಲ್ಲ ಅಂದ್ರೆ ಇಲ್ಲ ಕಣ್ರೀ” ಅನ್ನುವಾಗ ಅವನ ಮುಖ ನೋಡಬೇಕಿತ್ತು, ಸಾಕ್ಷಾತ್ ಜಡ್ಜ್ ಸಾಹೇಬರು! ಅಷ್ಟು ಜಂಬ.

ಅವನು ತೆಗೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅಮ್ಮನದು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಸೂಜಿಗೆ ದಾರ ಪೋಣಿಸಲಾರದೆ ತನ್ನನ್ನು ತಾನೇ ಬೈದುಕೊಂಡು, ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು. ಅವನು ಕೇಳದೆಯೇ ಕ್ಲಿಕ್ಕಿಸಿದ.

“ಲೋ, ಹಲ್ಲಿಲ್ಲದ ಬಾಯಿ ಕಣೋ. ಊರಿಗೆಲ್ಲ ತೋರಿಸಿ ನನ್ನ ಮಾನ ಕಳೀಬೇಡ” ಎಂದಳು ಅಮ್ಮ.

“ನಿಂಗೆ ಇದೆಲ್ಲ ಅರ್ಥ ಆಗಲ್ಲ, ಸುಮ್ನಿರಮ್ಮ” ಎಂದ ಮಗರಾಯ.

ಒಂಬತ್ತನ್ನು ಹೆಸರು ವಿಳಾಸ ಕೇಳದೆ ಯಾರ್ಯಾರಿಗೋ ಮಾರಿದ. ಹತ್ತನೆಯದು ಮನೆಯ ಗೋಡೆಯ ಮೇಲಿತ್ತು. ಅದೊಂದು ಉಳಿದಿದೆ ಎಂದು ಹಲ್ಲಿನ ಡಾಕ್ಟರೊಬ್ಬರ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು. “ಕಲೆ ಅಂದ್ರೆ ಇದು ಕಣ್ರೀ! ನನ್ನ ಕ್ಲಿನಿಕ್ಕಿನಲ್ಲಿ ದಿನಾ ನೂರು ಜನ ನೋಡ್ತಾರೆ” ಎಂದು ಅವರು ಹೊಗಳಿ ಅಟ್ಟಕ್ಕೇರಿಸಿದರು. ಇವನು ಹಿರಿಹಿರಿ ಹಿಗ್ಗಿ ಗೋಡೆಯಿಂದ ಇಳಿಸಿ ಕೊಟ್ಟುಬಂದ. ಅಮ್ಮನೇ ಕಣ್ಣೆದುರಿಗಿರುವಾಗ ಫೋಟೋ ಯಾಕೆ ಬೇಕು?

ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ವಾರ ಕಳೆದ ಮೇಲೆ, ಗಂಡನ ಮನೆಯಿಂದ ಬಂದಿದ್ದ ಅಕ್ಕ ಗೋಡೆಗೆ ಹಾಕಲು ಫೋಟೋ ಹುಡುಕಿದಳು. ಫೋನಿನಲ್ಲಿದ್ದವುಗಳಲ್ಲೆಲ್ಲ ಅಮ್ಮನ ಬಾಯಿಗೆ ಕೈ ಅಡ್ಡ. ಗುರುತಿನ ಚೀಟಿಯಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದಂಥ ಮುಖ.

“ನಗೋದು ಒಂದಿತ್ತಲ್ಲೋ, ಅದೆಲ್ಲಿ?”

“ಮಾರ್ಬಿಟ್ಟೆ.”

“ಮನೇಲಿದ್ದ ಒಂದನ್ನೂನಾ? ಥೂ ನಿನ್ನ! ಎಲ್ಲಿದ್ರೂ ಸರಿ, ಕಾಲು ಹಿಡಿದಾದ್ರೂ ತಗೊಂಡ್ ಬಾ. ನಂಗೆ ಅಮ್ಮನ ನಗು ಬೇಕು.”

ಮರುದಿನ ಅರ್ಧ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಹೋದ. ಕಾಯುವವರ ಕುರ್ಚಿಗಳ ಎದುರಿಗೇ ಅಮ್ಮ ನಗುತ್ತಿದ್ದಳು. ಗದ್ದದ ಮೇಲೆ ಅಡ್ಡಡ್ಡ ಕೆಂಪು ಅಕ್ಷರ ಅಂಟಿಸಿದ್ದರು: ‘ಬಾಯಿ ಹೀಗಾಗುವ ಮುನ್ನ ನಮ್ಮಲ್ಲಿಗೆ ಬನ್ನಿ.’ ಕೂತಿದ್ದವನೊಬ್ಬ ಅದನ್ನು ಹೆಂಡತಿಗೆ ತೋರಿಸಿ ಕಿಸಕ್ಕನೆ ನಕ್ಕ. ಇವನು ನೇರ ಒಳಕ್ಕೆ ನುಗ್ಗಿ ಚಿತ್ರ ವಾಪಸ್ ಕೇಳಿದ.

“ಓ, ನೀವಾ! ಬೇಕಾದ್ರೆ ಬಿಚ್ಕೊಂಡು ಹೋಗಿ” ಎಂದರು ಡಾಕ್ಟರು, ಗ್ಲೌಸು ಕಳಚುತ್ತ. “ನಮ್ಮ ಹತ್ರ ಕಾಪಿ ಇದೆ. ಪಾಂಪ್ಲೆಟ್ಟಿಗೂ ಅದನ್ನೇ ಹಾಕ್ಸಿದೀವಿ, ಎರಡು ಸಾವಿರ.”

ಹತ್ತೇ ಹತ್ತು ಅಂತೆ! ಕತ್ತರಿ ಹಿಡಿದು ಮೆರೆದ ಮಹಾನುಭಾವ ಹೊರಗೆ ಬಂದು ಫ್ರೇಮಿಗೆ ಕೈ ಚಾಚಿದ.

ಅವನು ಫ್ರೇಮು ಇಳಿಸುವಾಗ, ಚೀಟಿ ಬರೆಯುವ ಹೆಂಗಸು ಹತ್ತಿರ ಬಂದು ಕೇಳಿದಳು: “ಇವರು ನಿಮಗೇನಾಗ್ಬೇಕು ಸಾರ್?”

“ಅಮ್ಮ.”

“ಅಯ್ಯೋ... ಹೋದ ವರ್ಷ ಬಂದಿದ್ರು. ಹಲ್ಲು ಸೆಟ್ ಹಾಕಿಸ್ಕೊಳ್ಳೋಕೆ ಮಗಳು ಕಳಿಸಿದ್ಲು ಅಂದ್ರು. ಆ ಕುರ್ಚೀಲೇ ಕೂತಿದ್ರು. ಗೋಡೆ ನೋಡಿದ್ದೇ ತಲೆ ತಗ್ಗಿಸ್ಕೊಂಡು ಎದ್ದು ಹೋದ್ರು. ಕರೆದ್ರೂ ತಿರುಗಿ ನೋಡ್ಲಿಲ್ಲ.”

ಆ ದಿನ ಅಮ್ಮ ಮನೆಗೆ ಬಂದು “ಅಷ್ಟೊತ್ತು ಕಾಯೋಕಾಗಲ್ಲಪ್ಪ” ಎಂದಿದ್ದಳು. ಹಟಮಾರಿ ಎಂದು ಅಕ್ಕ ತಮ್ಮ ಇಬ್ಬರೂ ಬೈದಿದ್ದರು. ಕೊನೆಯವರೆಗೂ ಮೆತ್ತಗೆ ಹಿಸುಕಿದ್ದನ್ನೇ ತಿಂದಳು, ಮಗನಿಗೆ ಒಂದು ಮಾತೂ ಅನ್ನಲಿಲ್ಲ.

ಕೆಂಪು ಅಕ್ಷರದ ಸಮೇತ ಚಿತ್ರವನ್ನು ಡಿಪೋದ ಬೀರುವಿನಲ್ಲಿಟ್ಟು ಬೀಗ ಹಾಕಿ ಅವನು ಮನೆಗೆ ಹೋದ. ಡಾಕ್ಟರು ಕೊಡಲ್ಲ ಅಂದರು ಎಂದು ಅಕ್ಕನಿಗೆ ಹೇಳಿದ. ಅಕ್ಕ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ತಂದಳು. ಸ್ಟೂಲು ಹತ್ತಿ ಮೊಳೆ ಹೊಡೆಯುತ್ತ ಕೇಳಿದಳು:

“ನೋಡಿದ್ಯಾ, ಹೊರಗಿನವರಿಗೇ ಅಮ್ಮನ ನಗು ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ. ನಿಂಗೆ ಹೇಗೋ ಬಂತು?”

ಅವನು ಸ್ಟೂಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.