ಕುರ್ಚಿ ಸುತ್ತದ ಗಿರಗಿಟ್ಲೆ

ಅವನನ್ನು ಬೀದಿಯೆಲ್ಲ ಗಿರಗಿಟ್ಲೆ ಎಂದೇ ಕರೆಯುತ್ತಿತ್ತು. ಕ್ಷೌರಕ್ಕೆ ಕೂತವರ ಸುತ್ತ ಕತ್ತರಿ ಆಡಿಸುತ್ತ ಅವನು ತಿರುಗುವ ಪರಿಯೇ ಹಾಗಿತ್ತು. ಗಿರಾಕಿಯನ್ನು ಎಂದೂ ತಿರುಗಿಸುತ್ತಿರಲಿಲ್ಲ. "ತಲೆ ನಿಮ್ಮದು, ಕಾಲು ನನ್ನದು. ಅಲ್ಲಾಡಬೇಡಿ," ಎನ್ನುತ್ತಿದ್ದ.

ಆ ಕಾಲು ಮಾತು ಕೇಳದೆ ಹೋದದ್ದನ್ನು ಮೊದಲು ಕಂಡವನು ಅಂಗಡಿಯಲ್ಲಿ ಜೊತೆಗೆ ದುಡಿಯುವ ಭಾವಮೈದುನ. ಗಿರಗಿಟ್ಲೆ ಈಗ ನಿಂತಲ್ಲೇ ನಿಂತು ಕುರ್ಚಿಯನ್ನು ತಿರುಗಿಸುತ್ತಿದ್ದ. ಬಾಗಿಲಿಗೆ ಬರುವಾಗ ಕಾಲಗಲಿಸಿ, ಅಂಗಾಲು ನೆಲಕ್ಕೆ ಅಂಟಿದವನಂತೆ ಎಳೆದುಕೊಂಡು ಬರುತ್ತಿದ್ದ. ಕೈ ಮಾತ್ರ ನಡುಗುತ್ತಿರಲಿಲ್ಲ.

"ಏನ್ ಭಾವ, ಬೆಳಬೆಳಿಗ್ಗೆಯೇ ಏರಿಸಿದ್ದೀರಾ?"

"ಹೂಂ, ನಿಮ್ಮಪ್ಪ ಬಾಟ್ಲಿ ಕಳಿಸಿದ್ರಲ್ಲ!"

ಮಾತು ಗಿರಗಿಟ್ಲೆಯ ಹೆಂಡತಿಯ ಕಿವಿಗೆ ಬಿತ್ತು. ಅವಳು ಬಡಿಸುವ ನೆಪದಲ್ಲಿ ಬಗ್ಗಿ ಗಂಡನ ಉಸಿರು ಮೂಸಿದಳು. ದಿಂಬಿನಡಿ ತಡಕಿದಳು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವಳ ಅನುಮಾನಕ್ಕೆ ಗೊಬ್ಬರವಾಯಿತು. ಬಚ್ಚಲು ಮುಟ್ಟುವ ಮೊದಲೇ ಅವನ ಬಟ್ಟೆ ಒದ್ದೆಯಾದ ದಿನ, ಅಂಗಡಿಯ ಬೀಗದ ಕೈ ತೆಗೆದು ತಮ್ಮನಿಗೆ ಕೊಟ್ಟುಬಿಟ್ಟಳು.

"ಕುಡುಕನ ಕತ್ತಿಗೆ ಯಾರ್ರೀ ಕುತ್ತಿಗೆ ಒಡ್ತಾರೆ?"

ಅಂದಿನಿಂದ ಅನುಮಾನ ಅವನಿಗೂ ಹತ್ತಿತು. ಅಕ್ಕ ತಮ್ಮ ಪಿಸುಗುಟ್ಟಿದರೆ ಅಂಗಡಿ ಲಪಟಾಯಿಸುವ ಮಾತೇ ಇರಬೇಕು. ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದ ಮೇಲೆ ಇಬ್ಬರೂ ಅವನನ್ನು ಆಸ್ಪತ್ರೆಗೆ ಹೊರಡಿಸಿದರೆ, "ತಲೆ ಕೆಟ್ಟಿದೆ ಅಂತ ಬರೆಸಿಕೊಳ್ಳೋಕಾ?" ಎಂದ.

ಡಾಕ್ಟರು ಸ್ಕ್ಯಾನ್ ನೋಡಿದರು. "ಮಿದುಳಿನ ರಕ್ತನಾಳ ಕಟ್ಟಿದೆಯೇನೋ ಅಂದುಕೊಂಡಿದ್ದೆ. ರಕ್ತ ಸರಿಯಾಗಿಯೇ ಹೋಗ್ತಿದೆ. ತೊಂದರೆ ಇರೋದು ನೀರಿನಲ್ಲಿ. ಮಿದುಳಿನೊಳಗೆ ಪುಟ್ಟ ಕೋಣೆಗಳಿವೆ. ಅಲ್ಲಿ ದಿನವೂ ತಿಳಿನೀರು ಹುಟ್ಟುತ್ತೆ, ಮಿದುಳು, ಬೆನ್ನುಹುರಿ ಸುತ್ತಿ ರಕ್ತಕ್ಕೆ ಸೇರುತ್ತೆ. ನಿಮ್ಮಲ್ಲಿ ಸರಿಯಾಗಿ ಸೇರದೆ ಕೋಣೆಗಳು ಉಬ್ಬಿವೆ. ಕಾಲು, ಮೂತ್ರ ಎರಡೂ ಹಿಡಿತ ತಪ್ಪಿರೋದು ಅದರಿಂದಲೇ ಇರಬಹುದು. ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡೋಣ."

"ತಲೆಗೆ ಕಾಯಿಲೆಯಾದ್ರೆ ಬೆನ್ನಿಗ್ಯಾಕೆ ಸೂಜಿ?" ಅವನ ಕಣ್ಣು ಭಾವಮೈದುನನ ಮೇಲೇ ಇತ್ತು.

"ಎರಡೂ ಕಡೆ ಒಂದೇ ನೀರು."

ಸೂಜಿ ಹಾಕಿದರು. ಕೆಲವು ಗಂಟೆ ಮಲಗಿಸಿ, ಎಬ್ಬಿಸಿ, ನಡೆಯಿರಿ ಎಂದರು. ಅವನು ಗೋಡೆಯವರೆಗೆ ಹೋದ. ತಿರುಗಿದ. ಅಂಗಾಲು ನೆಲ ಬಿಟ್ಟು ಏಳುತ್ತಿತ್ತು. ತನ್ನ ಕಾಲನ್ನೇ ನಂಬದವನಂತೆ ಬಗ್ಗಿ ನೋಡಿದ. ಆಮೇಲೆ ಯಾರೂ ಹೇಳದೆಯೇ ಡಾಕ್ಟರ ಕುರ್ಚಿಯನ್ನು ಒಂದು ಸುತ್ತು ಹಾಕಿ, ಅವರ ಕಿವಿಯ ಬಳಿ ನಿಂತ.

"ಬಲಗಡೆ ಇಳಿದಿದೆ, ಎಡಗಡೆ ಏರಿದೆ. ನಿಮ್ಮನ್ನ ತಿರುಗಿಸಿ ತಿರುಗಿಸಿ ಕತ್ತರಿಸಿದ್ದಾರೆ ಸಾರ್."

ಡಾಕ್ಟರು ನಕ್ಕರು. "ಈ ಸುಖ ಕೆಲವು ದಿನದ್ದು. ಉಳೀಬೇಕಾದ್ರೆ ಆಪರೇಶನ್ ಮಾಡಿ ಒಂದು ಕೊಳವೆ ಇಡಬೇಕು. ಹೆಚ್ಚಿನ ನೀರು ತಲೆಯಿಂದ ಹೊಟ್ಟೆಗಿಳಿಯುತ್ತೆ."

"ಇಳಿಯೋದು ನೀರೇ ಅಂತ ಇವಳಿಗೆ ಬರ್ಕೊಡಿ. ಇಲ್ಲಾಂದ್ರೆ ಕೊಳವೆಯನ್ನೂ ಮೂಸ್ತಾಳೆ."

ಅವಳು ಅಭ್ಯಾಸಬಲದಿಂದ ಆಗಲೇ ಹತ್ತಿರ ಬಗ್ಗಿದ್ದಳು. ಸೂಜಿ ಚುಚ್ಚಿದಲ್ಲಿ ಒರೆಸಿದ ಸ್ಪಿರಿಟ್ಟಿನ ವಾಸನೆ ಘಮ್ಮೆಂದಿತು. ಇಷ್ಟು ದಿನ ಹುಡುಕಿದ್ದು ಇವತ್ತು ಸಿಕ್ಕಿತ್ತು. ಅವಳು ತಮ್ಮನ ಜೇಬಿಗೆ ತಾನೇ ಕೈಹಾಕಿ ಬೀಗದ ಕೈ ತೆಗೆದು ಗಂಡನ ಅಂಗೈಯಲ್ಲಿಟ್ಟಳು.

"ಕೊಳವೆ ಹಾಕಿಸ್ಕೊಳ್ತೀರಿ ತಾನೇ?"

"ಹಾಕಿಸ್ಕೊಳ್ತೀನಿ," ಎಂದ ಗಿರಗಿಟ್ಲೆ. ಎಂದವನು ಬೀಗದ ಕೈಯ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ, ಅಂಗಡಿಯದ್ದೇ ಹೌದೋ ಅಲ್ಲವೋ ಎಂದು ನೋಡಿಕೊಂಡ.